ಹಲ್ಲುಜ್ಜಿದ ಮೇಲಿನ ಬೆಲ್ಲ

ಸಂಸೆಯಿಂದ ಬೀಗಿತ್ತಿ ಬರುತ್ತಾಳೆಂದು ಗೊತ್ತಾದಾಗ ಸರ್ವಮಂಗಳಾ ಖುಷಿಯಾಗಿಯೇ ಇದ್ದಳು. ಸೊಸೆ ಸೌಜನ್ಯಳಿಗೆ ಎರಡನೆಯ ಹೆರಿಗೆ. ಮೊದಲನೆಯ ಸಲದಂತೆ ಬಾಣಂತನಕ್ಕೆ ತವರಿಗೇ ಹೋಗಬೇಕಿತ್ತು. ಈ ಸಲ ಬಿ.ಪಿ. ಏರಿದ್ದರಿಂದ, ಸಂಸೆಯ ತಿರುವು ರಸ್ತೆಯಲ್ಲಿ ಕುಲುಕಾಡಿಕೊಂಡು ಹೋಗುವುದು ಬೇಡ, ಆಸ್ಪತ್ರೆಗೆ ಹತ್ತಿರದಲ್ಲೇ ಇರಿ ಎಂದು ಮೂಡಿಗೆರೆಯ ಡಾಕ್ಟರು ಹೇಳಿದ್ದರು. ಹಾಗಾಗಿ ಮಗಳು ತವರಿಗೆ ಹೋಗುವ ಬದಲು ತಾಯಿಯೇ ಮಗಳ ಮನೆಗೆ ಬರುವುದೆಂದಾಯಿತು.

ಬಣಕಲ್ಲಿನಲ್ಲಿ ಹೆದ್ದಾರಿಯ ಮಗ್ಗುಲಿಗೇ ಅವರ ದಿನಸಿ ಅಂಗಡಿ, ಅಂಗಡಿಯ ಬೆನ್ನಿಗೆ ಮನೆ. ಗಂಡ ರೇವಣ್ಣ, ಮಗ ಚನ್ನಬಸವ ಇಬ್ಬರೂ ಬೆಳಗಾದರೆ ಅಂಗಡಿಯಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಎಸ್ಟೇಟುಗಳ ಜನ ಒಟ್ಟಾಗಿ ಬಂದು ನಿಂತರೆಂದರೆ ಸರ್ವಮಂಗಳಾಳೂ ಗಲ್ಲಾದ ಹತ್ತಿರ ಕೂರಬೇಕು. ಅವಳ ಪಕ್ಕದ ಸ್ಟೂಲು ಮೊಮ್ಮಗಳು ಭವ್ಯಾಳದ್ದು. ಒಂದನೇ ಕ್ಲಾಸಿನ ಹುಡುಗಿ. ಎದೆಹಾಲು ಬಿಟ್ಟಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು. ಮಲಗುವ ಮೊದಲು ಸಕ್ಕರೆ ಹಾಕಿದ ಹಾಲು, ಹಾಲಿನ ಹಿಂದೆಯೇ ಒಂದು ಚೂರು ಬೆಲ್ಲ, ಕೊಬ್ಬರಿ. ಅದನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವುದು. ಮುಂದಿನ ಹಲ್ಲುಗಳ ಅಂಚು ಕಪ್ಪಾಗಿತ್ತು. ದವಡೆಯ ಒಂದು ಹಲ್ಲಿನಲ್ಲಿ ತೂತೂ ಇತ್ತು. ಸೌಜನ್ಯ ಅದನ್ನು ತೋರಿಸಿದಾಗ ಸರ್ವಮಂಗಳಾ, "ಹಾಲುಹಲ್ಲು ತಾನೆ ಮಾರಾಯ್ತಿ, ಹೇಗೂ ಬಿದ್ದು ಹೋಗ್ತದೆ. ಹೊಸದು ಬರುವಾಗ ನೋಡ್ಕೊಂಡ್ರಾಯ್ತು" ಎಂದು ಮಾತು ಮುಗಿಸಿದ್ದಳು.

ಬೀಗಿತ್ತಿ ವಸಂತಮ್ಮ ಜೀಪಿನಿಂದಿಳಿದಳು. ಒಣಶುಂಠಿ, ಓಮ, ಬಾಣಂತಿ ಲೇಹ್ಯದ ಡಬ್ಬ ಎಲ್ಲ ತಂದಿದ್ದಳು. ಮಾತು ಕಡಿಮೆ, ಕೆಲಸ ಹೆಚ್ಚು. ವಾರ ಕಳೆಯುವುದರೊಳಗೆ ಹೆರಿಗೆಯೂ ಆಯಿತು, ಗಂಡು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಸರ್ವಮಂಗಳಾ ಊರವರ ಮುಂದೆ ಬೀಗಿತ್ತಿಯನ್ನು ಬಾಯಿತುಂಬ ಹೊಗಳಿದಳು.

ಎಲ್ಲ ಕೆಟ್ಟಿದ್ದು ಹಿತ್ತಲಿನ ನಲ್ಲಿಯ ಹತ್ತಿರ.

ಒಂದು ಸಂಜೆ ವಸಂತಮ್ಮ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಕೈ ಹಾಕಿ, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ತೆಗೆದು ಅಂಗೈಯಲ್ಲಿಟ್ಟುಕೊಂಡು ಬ್ರಶ್ಶಿನಿಂದ ತಿಕ್ಕುತ್ತಿದ್ದಳು. ಅದನ್ನು ಭವ್ಯಾ ನೋಡಿಬಿಟ್ಟಳು. ಹೆದರಿ ಓಡಿಬರುತ್ತಾಳೆ ಎಂದುಕೊಂಡಳು ಅಡುಗೆಮನೆಯ ಕಿಟಕಿಯಲ್ಲಿದ್ದ ಸರ್ವಮಂಗಳಾ. ಹುಡುಗಿ ಓಡಿಬರಲಿಲ್ಲ. ವಸಂತಮ್ಮನ ಎದುರಿಗೇ ಹೋಗಿ ಕುಕ್ಕರಿಸಿತು.

"ಅಜ್ಜಿ, ಅದು ನಿಮ್ಮ ಹಲ್ಲಾ?"

"ನಂದೇ. ಚಿಕ್ಕಮಗಳೂರಲ್ಲಿ ಮಾಡಿಸಿದ್ದು." ಹಲ್ಲಿಲ್ಲದ ಬಾಯಲ್ಲಿ ವಸಂತಮ್ಮನ ಮಾತು ಮೆತ್ತಗಾಗಿತ್ತು.

"ನಿಮ್ಮ ನಿಜವಾದ ಹಲ್ಲು ಎಲ್ಲಿ?"

"ಎಲ್ಲಾ ಕೀಳಿಸಿದ್ದು. ನಾನು ಸಣ್ಣವಳಿದ್ದಾಗ ಹಲ್ಲು ನೋಡ್ಕೋ ಅಂತ ಯಾರೂ ಹೇಳ್ಲಿಲ್ಲ ಮಗಾ. ಬೂದಿ ಹಾಕಿ ಉಜ್ಜಿದ್ದೇ ಉಜ್ಜಿದ್ದು. ನೋವು ಬಂದ್ರೆ ಲವಂಗ ಇಟ್ಕೊಳ್ಳೋದು. ಕಡೆಗೆ ಒಂದೂ ಉಳೀಲಿಲ್ಲ. ಎಲ್ಲಿ, ನಿಂದು ತೋರ್ಸು."

ಭವ್ಯಾ ಬಾಯಿ ಅಗಲಿಸಿದಳು. ವಸಂತಮ್ಮ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ಮುಖ ಸಣ್ಣದಾಯಿತು. ಮರುದಿನವೇ ರೇವಣ್ಣನ ಅಂಗಡಿಯಿಂದ ಮಕ್ಕಳ ಬ್ರಶ್ಶೊಂದನ್ನು ಕೇಳಿ ಪಡೆದಳು. ಆವತ್ತಿನಿಂದ ರಾತ್ರಿ ಊಟವಾದ ಮೇಲೆ ಇಬ್ಬರದ್ದೂ ಹಿತ್ತಲಿನಲ್ಲಿ ಹಲ್ಲುಜ್ಜುವ ಕಾರ್ಯಕ್ರಮ ಶುರುವಾಯಿತು. ಬಟಾಣಿಕಾಳಿನಷ್ಟೇ ಪೇಸ್ಟು. ಮೊದಲು ಹುಡುಗಿ ತಾನೇ ಉಜ್ಜಬೇಕು, ಆಮೇಲೆ ವಸಂತಮ್ಮ ಅವಳ ಹಿಂದೆ ನಿಂತು, ತಲೆಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು, ಒಳಗೂ ಹೊರಗೂ ಇನ್ನೊಮ್ಮೆ ಉಜ್ಜಬೇಕು. ಉಗುಳಬೇಕು, ನುಂಗಬಾರದು. ಆಮೇಲೆ ನೀರು ಬಿಟ್ಟು ಏನೂ ಇಲ್ಲ, ಮಲಗುವಾಗಿನ ಬೆಲ್ಲ ಕೊಬ್ಬರಿಯೂ ನಿಂತಿತು. ನಡುವೆ ಏನೇನೋ ಹಾಡು, ನಗು. ಭವ್ಯಾ ವಸಂತಮ್ಮನ ಹಲ್ಲಿನ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬೆಳ್ಳಿ ಸಾಮಾನು ಹೊತ್ತ ಹಾಗೆ, ನೀರಿನ ಡಬ್ಬದಲ್ಲಿಡುತ್ತಿದ್ದಳು.

ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತ ಸರ್ವಮಂಗಳಾ ಆ ನಗುವನ್ನು ಕೇಳುತ್ತಿದ್ದಳು. ಮೊದಮೊದಲು ಅವಳಿಗೂ ನಗು ಬರುತ್ತಿತ್ತು. ಬರಬರುತ್ತ ಪಾತ್ರೆಗಳ ಸದ್ದು ಜೋರಾಯಿತು. ತನ್ನ ಬಾಯಲ್ಲಿ ಇನ್ನೂ ಸ್ವಂತ ಹಲ್ಲುಗಳಿವೆ. ಎಲೆಅಡಿಕೆಯ ಕರೆ ಹಿಡಿದಿದ್ದರೂ ಚಕ್ಕುಲಿ ಕಡಿಯುತ್ತವೆ. ಆ ಪ್ಲಾಸ್ಟಿಕ್ ಹಲ್ಲಿನಲ್ಲಿ ಏನಿದೆಯೆಂದು ಈ ಹುಡುಗಿ ಹೀಗೆ ಮರುಳಾಗಿದೆ? ಛೆ, ಹಲ್ಲಿನ ಸೆಟ್ಟಿನ ಮೇಲೆ ಹೊಟ್ಟೆಕಿಚ್ಚುಪಡುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಹೊಟ್ಟೆಯ ಉರಿ ಕಡಿಮೆಯಾಗಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಜನ ತುಂಬಿದ್ದರು. ಶಾಲೆಯಿಂದ ಬಂದ ಭವ್ಯಾಗೆ ಸರ್ವಮಂಗಳಾ ಎಂದಿನಂತೆ ಭರಣಿಯಿಂದ ಮಿಠಾಯಿ ತೆಗೆದುಕೊಟ್ಟಳು. ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು.

"ಬೇಡ ಅಜ್ಜಿ. ಅದು ಹಲ್ಲಿಗೆ ಅಂಟ್ಕೊಂಡು ಕೂತಿರ್ತದಂತೆ. ಸಂಸೆ ಅಜ್ಜಿ ಹೇಳಿದ್ರು. ತಿನ್ನೋದಾದ್ರೆ ಊಟದ ಜೊತೆ ತಿನ್ಬೇಕು, ಇಡೀ ದಿನ ಚೀಪ್ತಾ ಇರ್ಬಾರ್ದು."

ಸಾಮಾನು ಕಟ್ಟಿಸಿಕೊಳ್ಳುತ್ತಿದ್ದ ಎಸ್ಟೇಟಿನ ಮೇಸ್ತ್ರಿ ನಿಂಗಯ್ಯ ನಕ್ಕು, "ಮೊಮ್ಮಗಳು ಬಹಳ ಹುಷಾರಾಗಿದ್ದಾಳೆ ಅಮ್ಮಾವ್ರೇ, ಯಾರು ಹೇಳಿಕೊಟ್ರು?" ಎಂದ. ಸರ್ವಮಂಗಳಾ ಮಿಠಾಯಿಯನ್ನು ಮತ್ತೆ ಭರಣಿಗೆ ಹಾಕಿ ಮುಚ್ಚಳ ತಿರುಗಿಸಿದಳು. 'ಸಂಸೆ ಅಜ್ಜಿ' ಎನ್ನುವಾಗ ಹುಡುಗಿಯ ದನಿಯಲ್ಲಿ ಒಂದು ಹೆಮ್ಮೆಯಿತ್ತು. ಇಷ್ಟು ವರ್ಷ ಎತ್ತಿ ಆಡಿಸಿದವಳು ತಾನು. ಜ್ವರ ಬಂದಾಗ ಕಣ್ಣು ಮುಚ್ಚದೆ ಕೂತವಳು ತಾನು. ತಾನು ಬರೀ 'ಅಜ್ಜಿ'. ನಿನ್ನೆ ಮೊನ್ನೆ ಬಂದವಳಿಗೆ ಊರಿನ ಹೆಸರು ಸೇರಿಸಿ ಕರೆಯುವ ಗೌರವ.

ಆ ಸಂಜೆ ಚನ್ನಬಸವನೆದುರು ಎತ್ತಿದಳು. "ನಿನ್ನ ಅತ್ತೆ ಮಗೂನ್ನ ಹೆದರಿಸಿ ಇಟ್ಟಿದ್ದಾರೆ. ಒಂದು ಮಿಠಾಯಿ ಮುಟ್ಟಲ್ಲ ಅಂತದೆ."

"ಒಳ್ಳೇದೇ ಆಯ್ತಲ್ಲಮ್ಮ" ಎಂದ ಮಗ, ಮೊಬೈಲಿನಿಂದ ತಲೆ ಎತ್ತದೆ.

ಒಳ್ಳೇದೇ ಆಯ್ತಂತೆ. ಸರ್ವಮಂಗಳಾ ಒಳಗೆ ಹೋಗಿ ಬೆಲ್ಲದ ಡಬ್ಬಿ ತೆಗೆದಳು.

ಮಲಗುವ ಹೊತ್ತಿಗೆ ಭವ್ಯಾ ಎಂದಿನಂತೆ ಅಜ್ಜಿಯ ಹೊದಿಕೆಯೊಳಗೆ ತೂರಿಕೊಂಡಳು. ಅದೊಂದನ್ನು ಮಾತ್ರ ಯಾರೂ ಕಿತ್ತುಕೊಂಡಿರಲಿಲ್ಲ. ಬಾಯಿಂದ ಪೇಸ್ಟಿನ ವಾಸನೆ ಬರುತ್ತಿತ್ತು. ಆ ವಾಸನೆಯಲ್ಲೇ ವಸಂತಮ್ಮ ಹಾಸಿಗೆಯವರೆಗೂ ಬಂದು ಕೂತ ಹಾಗೆ ಅನಿಸಿತು ಸರ್ವಮಂಗಳಾಳಿಗೆ. ಸೆರಗಿನ ಗಂಟಿನಿಂದ ಬೆಲ್ಲ, ಕೊಬ್ಬರಿ ತೆಗೆದು ಹುಡುಗಿಯ ಅಂಗೈಗೆ ಹಾಕಿದಳು.

"ಹಲ್ಲುಜ್ಜಿ ಆಯ್ತಲ್ಲ ಅಜ್ಜಿ" ಎಂದು ಭವ್ಯಾ ಪಿಸುಗುಟ್ಟಿದಳು.

"ಬೆಲ್ಲ ಏನೂ ಮಾಡಲ್ಲ. ಇದು ನಾನು ನೀನು ಇಬ್ಬರದ್ದೇ. ಸಂಸೆ ಅಜ್ಜಿಗೆ ಹೇಳ್ಬೇಡ ಆಯ್ತಾ?"

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಬೆಲ್ಲ ಬಾಯಿಗೆ ಹಾಕಿಕೊಂಡು, ಅಜ್ಜಿಯ ಕುತ್ತಿಗೆಗೆ ಕೈ ಸುತ್ತಿ ಕಿಲಕಿಲನೆ ನಕ್ಕಿತು. ಸರ್ವಮಂಗಳಾಳ ಎದೆ ತಂಪಾಯಿತು. ಗೆದ್ದೆ ಎಂದುಕೊಂಡಳು. ಅಂದಿನಿಂದ ದಿನವೂ ಅದೇ. ಹಿತ್ತಲಿನಲ್ಲಿ ಅವರಿಬ್ಬರ ಹಾಡು ಕೇಳಿಬಂದರೂ ಈಗ ಪಾತ್ರೆಗಳ ಸದ್ದು ಜೋರಾಗುತ್ತಿರಲಿಲ್ಲ. ಉಜ್ಜಲಿ, ಎಷ್ಟು ಬೇಕಾದರೂ ಉಜ್ಜಲಿ. ಕೊನೆಗೆ ಬರುವುದು ನನ್ನ ಹತ್ತಿರವೇ.

ಮಗುವಿನ ಹೆಸರಿಡುವ ಶಾಸ್ತ್ರ ಮುಗಿದ ಕೆಲವು ದಿನಕ್ಕೆ ಭವ್ಯಾ ಬೆಳಿಗ್ಗೆ ಏಳುವಾಗಲೇ ಅಳುತ್ತ ಎದ್ದಳು. ಎಡಗೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಬಂದಿತ್ತು. ಮೈ ಬಿಸಿ. ದೋಸೆ ಬೇಡ, ಹಾಲು ಬೇಡ, ಮುಟ್ಟಿದರೆ ಚೀರಾಟ. ಸೌಜನ್ಯ ಬಾಣಂತಿ ಕೋಣೆಯಿಂದ ಗಾಬರಿಯಾಗಿ ಕೂಗಿದಳು. ಚನ್ನಬಸವ ಸಾಮಾನು ತರಲು ಹಾಸನಕ್ಕೆ ಹೋಗಿದ್ದ. ರೇವಣ್ಣ ಅಂಗಡಿ ಬಿಟ್ಟು ಬಂದು ನಿಂತು, "ಮೂಡಿಗೆರೆಗೆ ಕರ್ಕೊಂಡು ಹೋಗಿ, ಬಸ್ಸು ಈಗ ಬರ್ತದೆ" ಎಂದ. ಪಕ್ಕದ ಮನೆಯ ಪವಿತ್ರಾ ಬಾಣಂತಿಯ ಹತ್ತಿರ ಕೂರಲು ಒಪ್ಪಿದಳು. ಅಜ್ಜಿಯರಿಬ್ಬರೂ ಹುಡುಗಿಯನ್ನು ಎತ್ತಿಕೊಂಡು ಹೊರಟರು.

ಬಸ್ಸಿನಲ್ಲಿ ಕೂರುವಾಗ ಭವ್ಯಾ ತಾನಾಗಿ ವಸಂತಮ್ಮನ ತೊಡೆಗೆ ಹೋದಳು. ಊದಿದ ಕೆನ್ನೆಯನ್ನು ಅವಳ ಭುಜಕ್ಕೆ ಆನಿಸಿ ಕಣ್ಣು ಮುಚ್ಚಿದಳು. ಸರ್ವಮಂಗಳಾ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಕೂತಳು. ಮಗು ನೋವಿನಲ್ಲಿರುವಾಗಲೂ ತನ್ನ ಕಣ್ಣು ಯಾರ ತೊಡೆ ಎಂದು ನೋಡುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ನೋಡುತ್ತಲೇ ಇದ್ದಳು.

"ನಂದೇ ತಪ್ಪು" ಎಂದಳು ವಸಂತಮ್ಮ, ಕಿಟಕಿಯಾಚೆ ನೋಡುತ್ತ. "ಕನ್ನಡಕ ಹಾಕ್ಕೊಳ್ದೆ ಉಜ್ಜಿಸ್ತಿದ್ದೆ. ಹಿಂದಿನ ಹಲ್ಲಿಗೆ ಬ್ರಶ್ಶು ಮುಟ್ಟಿಲ್ಲ ಅಂತ ಕಾಣ್ತದೆ. ಆ ತೂತು ನೋಡಿದ ದಿನವೇ ಡಾಕ್ಟ್ರಿಗೆ ತೋರಿಸೋಣ ಅನ್ಬೇಕಿತ್ತು. ನಿಮ್ಮ ಮನೇಲಿ ನಾನು ಜಾಸ್ತಿ ಮಾತಾಡಿದ ಹಾಗಾಗ್ತದೇನೋ ಅಂತ ಸುಮ್ಮನಿದ್ದೆ."

ಬೆಲ್ಲದ ವಿಷಯ ಸರ್ವಮಂಗಳಾ ಆಗಲೇ ಹೇಳಬೇಕಿತ್ತು. "ನೀವೆಂತ ಮಾಡ್ಲಿಕ್ಕಾಗ್ತಿತ್ತು ಬಿಡಿ" ಎಂದಷ್ಟೇ ಹೇಳಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು.

ಹಲ್ಲಿನ ಡಾಕ್ಟರು ಸೌಮ್ಯ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಭವ್ಯಾಳನ್ನು ಕುರ್ಚಿಗೆ ಹತ್ತಿಸಿ, ಅಳು ನಿಲ್ಲುವವರೆಗೆ ಕಾದು, ಸಣ್ಣ ಕನ್ನಡಿ ಬಾಯೊಳಗೆ ಹಿಡಿದು ನೋಡಿದರು.

"ದವಡೆ ಹಲ್ಲಿನ ಬೇರಿನವರೆಗೂ ಹುಳುಕು ಹೋಗಿ ಕೀವು ತುಂಬಿದೆ. ಯಾಕೆ ಇಷ್ಟು ದಿನ ಬಿಟ್ರಿ?"

"ಹಾಲುಹಲ್ಲು ಅಂತ..." ಎಂದಳು ಸರ್ವಮಂಗಳಾ.

"ಎಲ್ಲರೂ ಹಾಗೇ ಅಂತಾರಮ್ಮ. ಮುಂದಿನವು ಬೇಗ ಬೀಳ್ತವೆ, ಸರಿ. ದವಡೆಯವು ಹತ್ತು ಹನ್ನೊಂದು ವರ್ಷದವರೆಗೂ ಇರ್ಬೇಕು. ಅಗಿಯೋದಕ್ಕೂ ಬೇಕು, ಕೆಳಗಿಂದ ಬರೋ ಹಲ್ಲಿಗೆ ಜಾಗ ಕಾಯೋದಕ್ಕೂ ಬೇಕು. ರಾತ್ರಿ ಬ್ರಶ್ ಮಾಡಿಸ್ತೀರಾ?"

"ನಾನೇ ಮಾಡಿಸ್ತೀನಿ" ಎಂದಳು ವಸಂತಮ್ಮ.

"ಮಾಡಿದ ಮೇಲೆ ಏನಾದ್ರೂ ತಿಂತಾಳಾ? ಹಾಲು, ಬಿಸ್ಕೆಟ್ಟು?"

"ಇಲ್ಲ ಡಾಕ್ಟ್ರೇ. ಹಾಲು ಮೊದಲೇ ಕುಡಿಸ್ತೀನಿ. ಆಮೇಲೆ ನೀರು ಬಿಟ್ಟು ಇನ್ನೇನೂ ಇಲ್ಲ. ಅದರಲ್ಲಿ ನಾನು ಬಹಳ ಕಟ್ಟುನಿಟ್ಟು."

ಡಾಕ್ಟರು ಭವ್ಯಾಳ ಕಡೆ ಬಾಗಿದರು. "ಹೌದಾ ಪುಟ್ಟೀ? ಏನೂ ತಿನ್ನಲ್ವಾ?"

ಹುಡುಗಿ ಡಾಕ್ಟರನ್ನು ನೋಡಲಿಲ್ಲ. ಸರ್ವಮಂಗಳಾಳನ್ನು ನೋಡಿತು. ಊದಿದ ಕೆನ್ನೆಯಿಂದಾಗಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಂದರಲ್ಲಿ ನೀರು ತುಂಬಿತ್ತು. ಆ ನೋಟದಲ್ಲಿ ದೂರಿರಲಿಲ್ಲ. ಹೇಳಲಾ ಬೇಡವಾ ಎಂಬ ಪ್ರಶ್ನೆ ಮಾತ್ರ ಇತ್ತು. ಆಮೇಲೆ ನಿಧಾನವಾಗಿ, ಇಲ್ಲ ಎನ್ನುವಂತೆ ತಲೆಯಾಡಿಸಿತು.

ಇಷ್ಟು ದಿನ ಸರ್ವಮಂಗಳಾ ಬಯಸಿದ್ದು ಇದನ್ನೇ. ಮಗು ಸಂಸೆ ಅಜ್ಜಿಗಿಂತ ತನ್ನ ಕಡೆ ನಿಲ್ಲಬೇಕು ಎಂದು. ಈಗ ನಿಂತಿತ್ತು. ಕೀವು ತುಂಬಿದ ಹಲ್ಲು ಕಚ್ಚಿಕೊಂಡು, ಜ್ವರದಲ್ಲಿ ಬೇಯುತ್ತ, ಅಜ್ಜಿಯ ಮಾತು ಉಳಿಸಲು ಸುಳ್ಳು ಹೇಳಿತ್ತು.

"ತಿಂತಾಳೆ" ಎಂದಳು ಸರ್ವಮಂಗಳಾ. "ಹಾಸಿಗೇಲಿ ಬೆಲ್ಲ ಕೊಬ್ಬರಿ ನಾನೇ ಕೊಡ್ತೀನಿ. ಹೇಳ್ಬೇಡ ಅಂದಿದ್ದೂ ನಾನೇ. ಇವರಿಗೆ ಗೊತ್ತಿಲ್ಲ."

ವಸಂತಮ್ಮ ತಿರುಗಿ ನೋಡಿದಳು.

ಡಾಕ್ಟರು ಗದರಲಿಲ್ಲ. "ಈ ಹುಳುಕು ಒಂದೆರಡು ತಿಂಗಳದ್ದಲ್ಲ, ಹಳೇದು. ಆದರೆ ಉಜ್ಜಿದ ಮೇಲೆ ಸಿಹಿ ಕೊಟ್ರೆ ಉಜ್ಜಿದ್ದು ದಂಡ. ಮಲಗಿದಾಗ ಬಾಯಲ್ಲಿ ಜೊಲ್ಲು ಕಡಿಮೆಯಾಗ್ತದೆ. ಬೆಲ್ಲ ಆದ್ರೂ ಸಕ್ಕರೆ ಆದ್ರೂ ಹಲ್ಲಿನ ಮೇಲೆ ಹಾಗೇ ಕೂತಿರ್ತದೆ. ಸದ್ಯ ಈ ಹಲ್ಲನ್ನ ಉಳಿಸ್ಬಹುದು. ಇವತ್ತು ಕೀವು ತೆಗೆದು ಔಷಧಿ ಕೊಡ್ತೀನಿ. ಊತ ಇಳಿದ ಮೇಲೆ ಬನ್ನಿ, ಒಳಗೆ ಕ್ಲೀನ್ ಮಾಡಿ ಕ್ಯಾಪ್ ಹಾಕೋಣ. ಒಬ್ಬರು ಇವಳ ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಸರ್ವಮಂಗಳಾ ಹಿಂದೆ ಸರಿದಳು. "ನೀವು ಕೂತ್ಕೊಳ್ಳಿ ವಸಂತಮ್ಮನವ್ರೇ. ನಿಮ್ಮ ಮಾತು ಕೇಳ್ತಾಳೆ."

ವಸಂತಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಡಾಕ್ಟರು ಮೆಷಿನ್ನನ್ನು ಒಮ್ಮೆ ಗುಂಯ್ ಎನಿಸಿ ನೋಡಿದರು. ವಸಂತಮ್ಮನ ಮುಖ ಬಿಳುಚಿ, ಕೈ ಬಾಗಿಲ ಚೌಕಟ್ಟನ್ನು ಹುಡುಕಿತು. "ನನ್ ಕೈಲಾಗಲ್ಲ. ನಂಗೆ ಈ ಸದ್ದು ಆಗಲ್ಲ" ಎಂದವಳೇ ಹೊರಗೆ ಹೋಗಿಬಿಟ್ಟಳು. ಒಂದೊಂದಾಗಿ ಬಾಯಿ ತುಂಬ ಹಲ್ಲು ಕೀಳಿಸಿಕೊಂಡವಳಿಗೆ ಆ ಕುರ್ಚಿಯ ಹತ್ತಿರ ನಿಲ್ಲುವುದೂ ಕಷ್ಟ ಎಂದು ಸರ್ವಮಂಗಳಾಳಿಗೆ ಆಗ ಹೊಳೆಯಿತು. ಅವಳೇ ಕೂತು ಹುಡುಗಿಯ ಕೈ ಹಿಡಿದಳು. ಭವ್ಯಾ ಅವಳ ಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡಿದಳು, ಆದರೂ ಬಾಯಿ ಮುಚ್ಚಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹುಡುಗಿ ನಡುವೆ ಕೂತು ಹಾಗೇ ನಿದ್ದೆ ಹೋಯಿತು. ಬಣಕಲ್ ಹತ್ತಿರ ಬಂದಾಗ ವಸಂತಮ್ಮ ಕೇಳಿದಳು, "ನನ್ ಮೇಲೆ ಅಷ್ಟು ಸಿಟ್ಟಿತ್ತಾ ನಿಮಗೆ?"

"ಸಿಟ್ಟಲ್ಲ" ಎಂದಳು ಸರ್ವಮಂಗಳಾ. ಸುಳ್ಳು ಹೇಳುವುದಕ್ಕೆ ಇನ್ನು ಮನಸ್ಸಿರಲಿಲ್ಲ. "ಹೊಟ್ಟೆಕಿಚ್ಚು. ನಾನು ಸಾಕಿದ ಮಗು ನಿಮ್ಮ ಹಿಂದೆ ಹೋಯ್ತಲ್ಲ ಅಂತ."

"ನಾನು ಇನ್ನೆರಡು ತಿಂಗಳಿಗೆ ಹೋಗೋಳು. ಅವಳನ್ನ ಹೊತ್ಕೊಂಡು ಹೋಗ್ತಿದ್ನಾ?" ದನಿಯಲ್ಲಿ ಸಿಟ್ಟಿತ್ತು. "ನಾನು ಮಾಡಿದ್ದನ್ನೆಲ್ಲ ನೀವು ಕತ್ತಲಲ್ಲಿ ಅಳಿಸ್ತಿದ್ರಿ. ಅದೂ ಮಗುವಿನ ಬಾಯೊಳಗೆ."

ಬಸ್ಸಿಳಿದು ಮನೆಗೆ ಬಂದರು. ಸೌಜನ್ಯ ಒಳಗಿನಿಂದಲೇ, ಡಾಕ್ಟರು ಏನಂದರು, ಯಾಕಂತೆ ಹೀಗಾಗಿದ್ದು ಎಂದು ಕೇಳಿದಳು. ವಸಂತಮ್ಮ ಭವ್ಯಾಳನ್ನು ಮಲಗಿಸುತ್ತ, "ಹಳೇ ಹುಳುಕಂತೆ. ಹೆದರೋದೇನಿಲ್ಲ" ಎಂದಳು. ಅಷ್ಟೇ. ಬೆಲ್ಲದ ಸುದ್ದಿ ಎತ್ತಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಾಳಿಗೆ ಸಮಾಧಾನವಾಗಬೇಕಿತ್ತು. ಆದದ್ದು ಬೇರೆ. ನೋಡು, ಇದರಲ್ಲೂ ಇವಳೇ ಮೇಲಾದಳು. ಮಾನ ಕಾಯ್ದ ಪುಣ್ಯವೂ ಇವಳಿಗೇ ಹೋಗುತ್ತದೆ. ಇಂಥ ಹೊತ್ತಿನಲ್ಲೂ ಮನಸ್ಸು ಹೀಗೆ ಲೆಕ್ಕ ಹಾಕುತ್ತಿದೆಯೆಂದು ಅವಳಿಗೇ ಆಶ್ಚರ್ಯವಾಯಿತು. ಆದರೆ ಆ ಉರಿಯೇ ಅವಳನ್ನು ಒಳಗೆ ತಳ್ಳಿತು. ಸೊಸೆಯ ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸೌಜನ್ಯ ಕೂಸಿನ ಹೊದಿಕೆ ಸರಿಮಾಡಿದಳು. ಆಮೇಲೆ, "ಹಲ್ಲು ಹೋದ್ರೆ ಹೋಗ್ಲಿ ಅತ್ತೆ. ನಮ್ಮ ಹತ್ರ ಮುಚ್ಚಿಡೋದನ್ನ ಅವಳಿಗೆ ಕಲಿಸ್ಬೇಡಿ" ಎಂದಳು. ಆ ಮಾತು ಸರ್ವಮಂಗಳಾಳಿಗೆ ಡಾಕ್ಟರ ಮಾತಿಗಿಂತ ಹೆಚ್ಚು ತಾಗಿತು.

ಊತ ಇಳಿಯಿತು. ಮುಂದಿನ ಸಲ ಹೋದಾಗ ದವಡೆ ಹಲ್ಲಿಗೆ ಬೆಳ್ಳಿಯಂತೆ ಹೊಳೆಯುವ ಕ್ಯಾಪು ಬಂತು. ಅದನ್ನು ತೋರಿಸಲೆಂದೇ ಭವ್ಯಾ ಶಾಲೆಯಲ್ಲಿ ಬಾಯಿ ತೆರೆದುಕೊಂಡು ಓಡಾಡಿದಳು. ಆ ದಿನ ಡಾಕ್ಟರು ಸರ್ವಮಂಗಳಾಳ ಬಾಯನ್ನೂ ನೋಡಿ, ವಸಡು ಸಡಿಲಾಗಿದೆ, ಎಲೆಅಡಿಕೆ ಬಿಡಿ, ಕ್ಲೀನಿಂಗ್ ಮಾಡಿಸಿಕೊಳ್ಳಿ ಎಂದರು. ಅವಳು ಮಾಡಿಸಿಕೊಂಡಳು. ಎಲೆಅಡಿಕೆ ಬಿಡುವುದು ಮಾತ್ರ ಸುಲಭವಾಗಲಿಲ್ಲ. ಈಗಲೂ ಒಮ್ಮೊಮ್ಮೆ ಅಂಗಡಿಯ ಹಿಂದೆ ನಿಂತು ಹಾಕಿಕೊಳ್ಳುತ್ತಾಳೆ, ಮತ್ತು ಭವ್ಯಾಗೆ ಸಿಕ್ಕಿಬಿದ್ದು ಬೈಸಿಕೊಳ್ಳುತ್ತಾಳೆ.

ವಸಂತಮ್ಮ ಅವಳನ್ನು ಒಮ್ಮೆಲೇ ಕ್ಷಮಿಸಲಿಲ್ಲ. ಹಲವು ದಿನ ಅಗತ್ಯವಿದ್ದಷ್ಟೇ ಮಾತು. ಆದರೆ ಒಂದು ರಾತ್ರಿ ಹಿತ್ತಲಿನಿಂದ, "ಇಲ್ಲಿ ಬನ್ನಿ, ಹೇಗೆ ಉಜ್ಜಿಸೋದು ನೋಡ್ಕೊಳ್ಳಿ. ನಾನು ಹೋದ ಮೇಲೆ ಯಾರು ಮಾಡ್ತಾರೆ?" ಎಂದು ಕರೆದಳು. ಸರ್ವಮಂಗಳಾ ಕೈ ಒರೆಸಿಕೊಂಡು ಹೋದಳು. ಬ್ರಶ್ಶನ್ನು ವಸಡಿನ ಹತ್ತಿರ ಓರೆಯಾಗಿ ಹಿಡಿದು, ಒತ್ತದೆ, ಸಣ್ಣಗೆ ಸುತ್ತಿಸುವುದನ್ನು ಕಲಿತಳು. ಬೀಗಿತ್ತಿಯ ಕೈ ತನ್ನ ಕೈ ಮೇಲೆ ಬಂದಾಗ ಮೈ ಬಿಗಿಯಾಯಿತು. ಸಹಿಸಿಕೊಂಡಳು.

ಬಾಣಂತನ ಮುಗಿದು ವಸಂತಮ್ಮ ಹೊರಟ ದಿನ ಭವ್ಯಾ ಜೀಪಿನ ಹಿಂದೆ ಅತ್ತುಕೊಂಡು ಓಡಿದಳು. ಸರ್ವಮಂಗಳಾಳ ಹೊಟ್ಟೆಯಲ್ಲಿ ಹಳೆಯ ಉರಿ ಒಮ್ಮೆ ತಲೆಯೆತ್ತಿತು. ಆ ರಾತ್ರಿ ಅವಳೇ ಬ್ರಶ್ಶು ಹಿಡಿದು ನಿಂತರೆ, "ಸಂಸೆ ಅಜ್ಜಿ ಹೀಗಲ್ಲ ಮಾಡೋದು" ಎಂದಿತು ಹುಡುಗಿ. "ಹೌದಾ, ಹಾಗಾದ್ರೆ ಹೇಗೆ, ನೀನೇ ಹೇಳು" ಎಂದಳು ಸರ್ವಮಂಗಳಾ. ಹಾಗೆ ಕೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಆರು ವರ್ಷದ ಹುಡುಗಿಗೆ ಗೊತ್ತಾಗುವುದು ಹೇಗೆ.

ಕೂಸಿಗೆ ಹಾಲು ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ವಸಡು ಒರೆಸಬೇಕೆಂದು ಡಾಕ್ಟರು ಹೇಳಿದ್ದರು. ಆ ಕೆಲಸವನ್ನು ಸರ್ವಮಂಗಳಾ ಯಾರಿಗೂ ಬಿಟ್ಟುಕೊಡಲಿಲ್ಲ. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿ, ಆ ಹೂವೂ ಉದುರಿ, ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಹಾಗೆ ಒರೆಸುವಾಗ ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಕೂಸನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದಳು. ಕೆಳವಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು.

ಸೌಜನ್ಯ ಬಟ್ಟೆ ಒಗೆಯುತ್ತಿದ್ದಳು. ಚನ್ನಬಸವ, ರೇವಣ್ಣ ಅಂಗಡಿಯಲ್ಲಿ. ಭವ್ಯಾ ಶಾಲೆಯಲ್ಲಿ. ಜಗತ್ತಿನಲ್ಲಿ ಬೇರೆ ಯಾರಿಗೂ ಇನ್ನೂ ಗೊತ್ತಿಲ್ಲ. ಸರ್ವಮಂಗಳಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಲೋಟದ ಕಾಫಿ ಮುಗಿಯುವವರೆಗೆ ಆ ಸುದ್ದಿಯನ್ನು ತಾನೊಬ್ಬಳೇ ಅನುಭವಿಸಿದಳು. ಆಮೇಲೆ ಮೊಬೈಲು ತೆಗೆದು ಸಂಸೆಗೆ ಫೋನು ಮಾಡಿದಳು.

"ವಸಂತಮ್ಮನವ್ರೇ, ಹಲ್ಲು ಬಂತು" ಎಂದಳು. "ಮೊದಲು ನೋಡಿದ್ದು ನಾನು."